ಮುಖ ಕೊಡದ ಹಾಡುಗಾರರು

ಅಮೆರಿಕದ ರಾಕ್ ಸಂಗೀತದಲ್ಲಿ ಹಾಡಿಗಿಂತ ಮೊದಲು ಹಾಡುವವನ ಮುಖ ಮಾರಾಟವಾಗುತ್ತದೆ. ಎಲ್ವಿಸ್ ಪ್ರೀಸ್ಲಿಯ ಕಾಲದಿಂದಲೂ ಅಲ್ಲಿಯ ರೆಕಾರ್ಡ್ ಕಂಪನಿಗಳು ನಂಬಿಕೊಂಡು ಬಂದ ಲೆಕ್ಕ ಇದು: ಕಲಾವಿದನ ಹುಟ್ಟೂರು, ಪ್ರೇಮ, ಜಗಳ, ಕುಡಿತ ಎಲ್ಲವೂ ಹಾಡಿನ ಜೊತೆಗೇ ಕೇಳುಗನ ಮನೆ ಸೇರಬೇಕು. ಈ ಲೆಕ್ಕವನ್ನು ಪೂರ್ತಿ ಬದಿಗಿಟ್ಟು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದ ತಂಡ ‘ದಿ ರೆಸಿಡೆಂಟ್ಸ್’. ತನ್ನ ಸದಸ್ಯರು ಯಾರೆಂದು ಈ ತಂಡ ಹೇಳಿಕೊಂಡದ್ದಿಲ್ಲ. ಜನ ಕಂಡ ಅವರ ಪ್ರಸಿದ್ಧ ರೂಪ ಒಂದೇ: ತಲೆಯ ಜಾಗದಲ್ಲಿ ದೊಡ್ಡದೊಂದು ಕಣ್ಣುಗುಡ್ಡೆ, ಅದರ ಮೇಲೆ ಎತ್ತರದ ಟೋಪಿ, ಮೈಮೇಲೆ ಕರಿ ಕೋಟು. ಇವರನ್ನು ಪರಿಚಯಿಸುವ ಬರಹಗಳಲ್ಲಿ ಹೆಚ್ಚಿನವು ಆ ಕಣ್ಣುಗುಡ್ಡೆಯ ಹತ್ತಿರವೇ ನಿಂತು, ವಿಚಿತ್ರ ಜನ, ವಿಚಿತ್ರ ಸಂಗೀತ ಎಂದು ಮಾತು ಮುಗಿಸುತ್ತವೆ. ಅದು ಅನ್ಯಾಯ. ಹೆಸರು ಮುಚ್ಚಿಡುವುದು ಇವರಿಗೆ ಸಂಗೀತ ಮಾಡುವ ವಿಧಾನವೇ ಆಗಿತ್ತು. ಅದಿಲ್ಲದಿದ್ದರೆ ಇವರ ಅತ್ಯುತ್ತಮ ಕೃತಿಗಳು ಹುಟ್ಟುತ್ತಲೇ ಇರಲಿಲ್ಲ ಎಂಬುದು ನನ್ನ ವಾದ.

ತಂಡ ಕಟ್ಟಿದ ಗೆಳೆಯರ ಮೂಲ ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದವರು ಮೊದಲು ಸ್ಯಾನ್ ಮಟೇಯೊದಲ್ಲಿ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದರು. ಹೇಳಿಕೊಳ್ಳುವಂಥ ಸಂಗೀತ ಶಿಕ್ಷಣವೇನೂ ಇರಲಿಲ್ಲ. ಟೇಪ್ ರೆಕಾರ್ಡರ್ ಇತ್ತು, ಹುಚ್ಚು ಇತ್ತು. ಹೆಸರು ಬಂದದ್ದು ಹೇಗೆಂದು ತಂಡದ ಕಡೆಯವರು ಹೇಳುತ್ತ ಬಂದ ಕಥೆ ಹೀಗಿದೆ: 1971ರಲ್ಲಿ ವಾರ್ನರ್ ಬ್ರದರ್ಸ್ ಕಂಪನಿಗೆ ಹೆಸರು ಬರೆಯದೆ ಒಂದು ಟೇಪ್ ಕಳಿಸಿದರು. ಬೇಡವೆಂದು ಅದು ವಾಪಸು ಬಂದಾಗ ಆ ವಿಳಾಸದ ‘ನಿವಾಸಿಗಳಿಗೆ’ ಎಂದು ಬರೆದಿತ್ತು, ಅದನ್ನೇ ಇಟ್ಟುಕೊಂಡರು. 1972ರಲ್ಲಿ ರಾಲ್ಫ್ ರೆಕಾರ್ಡ್ಸ್ ಎಂಬ ಸ್ವಂತ ಕಂಪನಿ ಕಟ್ಟಿ ತಮ್ಮ ಹಾಡುಗಳನ್ನು ತಾವೇ ಹೊರತಂದರು. 1974ರ ಮೊದಲ ಆಲ್ಬಂನ ಮುಖಪುಟದಲ್ಲಿ ಬೀಟಲ್ಸ್ ತಂಡದ ಜನಪ್ರಿಯ ಚಿತ್ರವೊಂದರ ಮೇಲೆ ಗೀಚಿ ಆ ನಾಲ್ಕೂ ಮುಖಗಳನ್ನು ಕೆಡಿಸಲಾಗಿತ್ತು. ಮುಖಕ್ಕೂ ಸಂಗೀತಕ್ಕೂ ಇರುವ ನಂಟನ್ನು ಕೆಣಕುವ ಕೆಲಸ ಅಲ್ಲೇ ಶುರುವಾಗಿತ್ತು.

ಹೆಸರು ಮುಚ್ಚಿಡುವುದರ ಹಿಂದಿನ ತತ್ವವನ್ನು ಅವರು ಎನ್. ಸೆನಾಡ ಎಂಬ ಬವೇರಿಯಾದ ಸಂಯೋಜಕನ ಹೆಸರಿನಲ್ಲಿ ಮಂಡಿಸಿದರು. ಅಂಥ ಮನುಷ್ಯ ನಿಜಕ್ಕೂ ಇದ್ದನೇ ಎಂಬ ಅನುಮಾನ ಇಂದಿಗೂ ಇದೆ; ಮುಖ್ಯವಾದದ್ದು ಅವನ ಹೆಸರಿನಲ್ಲಿ ಹೇಳಿದ ಮಾತು. ಹೊರಗಿನವರ ನಿರೀಕ್ಷೆ ತಟ್ಟದಿದ್ದಾಗ ಮಾತ್ರ ಕಲಾವಿದ ತನ್ನ ಶುದ್ಧ ಕೃತಿಯನ್ನು ಮಾಡಬಲ್ಲ ಎಂಬುದು ಅದರ ಸಾರ. 1974ರಲ್ಲಿ ‘ನಾಟ್ ಅವೈಲಬಲ್’ ಎಂಬ ಆಲ್ಬಂ ಧ್ವನಿಮುದ್ರಿಸಿ, ಮಾಡಿದವರೇ ಅದನ್ನು ಮರೆಯುವವರೆಗೆ ಬಿಡುಗಡೆ ಇಲ್ಲವೆಂದು ಎತ್ತಿಟ್ಟರು. 1978ರಲ್ಲಿ ಅದು ಹೊರಬಿತ್ತು, ಕಾರಣ ವ್ಯವಹಾರ: ‘ಎಸ್ಕಿಮೊ’ ಆಲ್ಬಂ ತಡವಾಗಿತ್ತು, ಕಂಪನಿಗೆ ಮಾರಲು ಏನಾದರೂ ಬೇಕಿತ್ತು. ತತ್ವ ಅಲ್ಲಿ ಸೋತಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಆಲ್ಬಂ ಕೇಳಿದರೆ ಯಾರನ್ನೂ ಮೆಚ್ಚಿಸುವ ಹಂಗಿಲ್ಲದೆ ಕಟ್ಟಿದ ಸಂಗೀತ ಹೇಗಿರುತ್ತದೆ ಎಂಬುದು ತಿಳಿಯುತ್ತದೆ. ಅದರ ದುಃಖ ಯಾರ ಬದುಕಿನದು ಎಂದು ಕೇಳಲು ನಮಗೆ ದಾರಿಯೇ ಇಲ್ಲ, ದುಃಖವನ್ನಷ್ಟೇ ಕೇಳಬೇಕು.

ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ 1980ರ ‘ಕಮರ್ಷಿಯಲ್ ಆಲ್ಬಂ’. ಅದರಲ್ಲಿ 40 ಹಾಡುಗಳಿವೆ, ಒಂದೊಂದೂ ಸುಮಾರು ಒಂದು ನಿಮಿಷದ್ದು. ಅದರ ಹಿಂದಿನ ಲೆಕ್ಕ ಹೀಗೆ: ಮೂರು ನಿಮಿಷದ ಜನಪ್ರಿಯ ಹಾಡಿನಲ್ಲಿ ಪಲ್ಲವಿ, ಚರಣ ಸಾಮಾನ್ಯವಾಗಿ ಮೂರು ಸಲ ಬರುತ್ತವೆ. ಮರುಕಳಿಕೆ ತೆಗೆದರೆ ಉಳಿಯುವುದು ಒಂದು ನಿಮಿಷ. ಜಾಹೀರಾತಿನ ಹಾಡಿಗೂ ಅಷ್ಟೇ ಹೊತ್ತು ಸಾಕು. ಹಾಗಾದರೆ ಅಮೆರಿಕನ್ನರ ನಿಜವಾದ ಸಂಗೀತ ಜಾಹೀರಾತೇ ಅಲ್ಲವೇ ಎಂಬುದು ಆಲ್ಬಂ ಎತ್ತಿದ ಪ್ರಶ್ನೆ. ಸ್ಯಾನ್ ಫ್ರಾನ್ಸಿಸ್ಕೋದ ಕೆಎಫ್‌ಆರ್‌ಸಿ ಆಕಾಶವಾಣಿ ಕೇಂದ್ರದಲ್ಲಿ ಜಾಹೀರಾತಿನ ಸಮಯವನ್ನೇ ದುಡ್ಡು ಕೊಟ್ಟು ಕೊಂಡು ಈ ಹಾಡುಗಳನ್ನು ಬಿತ್ತರಿಸಿದರು. ಇಂಥ ಹಾಡಿನಲ್ಲಿ ಗಿಟಾರಿನವನಿಗೆ ಕೈಚಳಕ ತೋರಲು ಹೊತ್ತಿಲ್ಲ, ಗಾಯಕ ಕಂಠ ಬಿಚ್ಚುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ತಾನು ಕಾಣಬೇಕೆಂಬ ಆಸೆಯುಳ್ಳವರು ಇಂಥ ನಿಯಮಕ್ಕೆ ಒಪ್ಪುವುದೇ ಇಲ್ಲ. ಎಕ್ಸ್‌ಟಿಸಿ ತಂಡದ ಆ್ಯಂಡಿ ಪಾರ್ಟ್ರಿಜ್ ಇದರಲ್ಲಿ ಹಾಡಿದರು, ಅದೂ ಸುಳ್ಳು ಹೆಸರಿನಲ್ಲಿ. ಆಲ್ಬಂಗಾಗಿ ಮಾಡಿದ ಒಂದು ನಿಮಿಷದ ಚಿತ್ರಗಳು ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ.

ಮುಖವಾಡ ಬರಿಯ ಪ್ರಚಾರತಂತ್ರ ಎಂಬ ಆಕ್ಷೇಪ ಹಳೆಯದು. ಇದಕ್ಕೆ ಕಾಲಾನುಕ್ರಮವೇ ಉತ್ತರ. ಕಣ್ಣುಗುಡ್ಡೆ ಕಾಣಿಸಿಕೊಂಡದ್ದು 1979ರಲ್ಲಿ, ‘ಎಸ್ಕಿಮೊ’ ಮುಖಪುಟಕ್ಕಾಗಿ. ಅಷ್ಟು ಹೊತ್ತಿಗೆ ತಂಡ ಏಳು ವರ್ಷದಿಂದ ಹೆಸರಿಲ್ಲದೆ ಕೆಲಸ ಮಾಡುತ್ತಿತ್ತು. ಮುಖವಾಡದಿಂದ ಹಣದ ಹೊಳೆಯೇನೂ ಹರಿಯಲಿಲ್ಲ. 1982ರಲ್ಲಿ ಶುರುವಾದ ‘ಮೋಲ್ ಶೋ’ ಪ್ರವಾಸ ಅವರನ್ನು ಆರ್ಥಿಕವಾಗಿ ಮುಳುಗಿಸುವ ಮಟ್ಟಕ್ಕೆ ಒಯ್ದಿತು. ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ಕ್ರಿಪ್ಟಿಕ್ ಕಾರ್ಪೊರೇಷನ್ನಿನ ನಾಲ್ವರಲ್ಲಿ ಇಬ್ಬರು ಆ ಹೊತ್ತಿನಲ್ಲೇ ಹೊರನಡೆದರು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಹೆಸರಿಲ್ಲದವನಿಗೆ ಹೊಣೆಯೂ ಇರುವುದಿಲ್ಲ. ‘ಎಸ್ಕಿಮೊ’ ಉತ್ತರ ಧ್ರುವ ಪ್ರದೇಶದ ಜನರ ಆಚರಣೆಗಳನ್ನು ಗಾಳಿಯ ಸದ್ದು, ತಾವೇ ಕಲ್ಪಿಸಿದ ಮಂತ್ರಗಳಿಂದ ಕಟ್ಟಿತು. ಹಿಮದ ನಡುವೆ ಒಬ್ಬನೇ ನಿಂತ ಭಾವ ತರಿಸುವ ಆ ಧ್ವನಿಲೋಕ ಅಸಾಧಾರಣ. ಆದರೆ ಅದರಲ್ಲಿ ನಿಜವಾದ ಇನ್ಯೂಟ್ ಜನರ ದನಿ ಇಲ್ಲ, ‘ಎಸ್ಕಿಮೊ’ ಎಂಬ ಹೆಸರೂ ಇಂದು ಅವರಲ್ಲಿ ಹಲವರಿಗೆ ಅವಮಾನಕರ. ಕೆಲವು ಮಂತ್ರಗಳ ಒಳಗೆ ಅಮೆರಿಕದ ಜಾಹೀರಾತು ಘೋಷಣೆಗಳೇ ಅಡಗಿವೆ, ಹಾಗಾಗಿ ಲೇವಡಿಯ ಗುರಿ ಅಮೆರಿಕವೇ ಎಂದು ಅಭಿಮಾನಿಗಳು ಸಮರ್ಥಿಸುತ್ತಾರೆ. ಆ ಸಮರ್ಥನೆ ಅರ್ಧ ಮಾತ್ರ ಸರಿ. ಲೇವಡಿಗೆ ಬೇರೊಬ್ಬರ ಬದುಕನ್ನು ಸಾಧನವಾಗಿಸಿಕೊಂಡದ್ದಕ್ಕೆ ಉತ್ತರಿಸಬೇಕಾದವರು ಕಣ್ಣುಗುಡ್ಡೆಯ ಹಿಂದೆ ಉಳಿದರು. ಈ ವಿಧಾನಕ್ಕೆ ತೆತ್ತ ಬೆಲೆ ಇದು.

ಗುಟ್ಟು ಎಲ್ಲರಿಗೂ ಗೊತ್ತಿತ್ತಲ್ಲ ಎನ್ನುವವರೂ ಇದ್ದಾರೆ. ವಕ್ತಾರರಾಗಿ ಮಾತನಾಡುತ್ತಿದ್ದ ಹಾರ್ಡಿ ಫಾಕ್ಸ್ ಮತ್ತು ಹೋಮರ್ ಫ್ಲಿನ್ ಅವರೇ ತಂಡ ಎಂಬ ಊಹೆ ದಶಕಗಳಷ್ಟು ಹಳೆಯದು. ತಾನೇ ಮುಖ್ಯ ಸಂಯೋಜಕನಾಗಿದ್ದೆನೆಂದು ಫಾಕ್ಸ್ 2017ರಲ್ಲಿ ಒಪ್ಪಿಕೊಂಡರು, ಮರುವರ್ಷ ತೀರಿಕೊಂಡರು. ಸಂಗೀತ ಕಟ್ಟಿದವರು ಹೋದ ಮೇಲೂ ತಂಡ ನಿಲ್ಲಲಿಲ್ಲ, ಹೊಸ ಆಲ್ಬಂಗಳು ಬಂದವು. ಒಬ್ಬ ಗಾಯಕನ ಮುಖಕ್ಕೆ ಅಂಟಿಕೊಂಡ ತಂಡವಾಗಿದ್ದರೆ ಇದು ಬಹಳ ಕಷ್ಟವಿತ್ತು.

ಹೊಸದಾಗಿ ಕೇಳುವವರು ‘ಎಸ್ಕಿಮೊ’ದಿಂದ ಶುರು ಮಾಡುವುದು ಬೇಡ. 1978ರ ‘ಡಕ್ ಸ್ಟ್ಯಾಬ್’ನಲ್ಲಿ ಪುಟ್ಟ ಪುಟ್ಟ ಹಾಡುಗಳಿವೆ, ರಾಗ ಕೂಡಲೇ ಹಿಡಿಯುತ್ತದೆ, ಪ್ರೈಮಸ್‌ನಂಥ ತಂಡಗಳು ಮತ್ತೆ ಹಾಡಿದ್ದು ಇಲ್ಲಿಂದಲೇ. ಅಲ್ಲಿಂದ ‘ಕಮರ್ಷಿಯಲ್ ಆಲ್ಬಂ’ಗೆ ಹೋಗಿ, ಹಾಡುಗಳ ಕ್ರಮ ತಪ್ಪಿಸದೆ 40ನ್ನೂ ಒಂದೇ ಸಲ ಕೇಳಬೇಕು. ‘ನಾಟ್ ಅವೈಲಬಲ್’ ಅದಾದ ಮೇಲೆ.