ಬಿಸಿ ಆಮ್ಲದಲ್ಲಿ ಮಿಂದೆದ್ದ ಮೊಟ್ಟೆ!

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಗೊತ್ತಲ್ಲ? ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಆದರೆ ನಾನು ಹೇಳಹೊರಟ ಸೋಜಿಗ ಗೂಡಿನದಲ್ಲ, ಅದಕ್ಕೂ ಹಿಂದಿನದು. ಮೊಟ್ಟೆಯದು! ಸುಮಾರು ಎರಡು ಸಾವಿರ ಸೇರಿದರೆ ತೂಕ ಬರೀ ಒಂದು ಗ್ರಾಂ!

ದ್ವಿತಳಿ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಕಾಣುವ ರೇಷ್ಮೆ ತಳಿ. ಅದರ ಚಿಟ್ಟೆ ಇಟ್ಟ ಮೊಟ್ಟೆ ಮೊದಲು ಹಳದಿ. ಕೆಲವೇ ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಸುಮ್ಮನಾಗುತ್ತದೆ. ಸತ್ತಿತೆ? ಇಲ್ಲ, ನಿದ್ದೆ! ಒಳಗಿನ ಕೋಶಗಳು ಒಡೆದು ಹೆಚ್ಚುವುದನ್ನೇ ನಿಲ್ಲಿಸಿವೆ. ತಿಂಗಳುಗಟ್ಟಲೆ ಚಳಿಯಲ್ಲಿದ್ದರೇ ಎಚ್ಚರ.

ಅಂಥ ಚಳಿ ಕನಕಪುರದಲ್ಲಿ ಎಲ್ಲಿಂದ ಬರಬೇಕು? ಸೊಪ್ಪು ಬಲಿತಿದೆ, ರೈತರಿಗೆ ಹುಳು ಈಗಲೇ ಬೇಕು. ಏನು ಮಾಡುತ್ತಾರೆ? ಊಹಿಸಿ ನೋಡೋಣ!

ಹೈಡ್ರೋಕ್ಲೋರಿಕ್ ಆಮ್ಲ! ಅದೂ ಕಾಯಿಸಿ! ಇಟ್ಟು 20 ಗಂಟೆಯಾದ ಮೊಟ್ಟೆಗಳನ್ನು ಬಿತ್ತನೆ ಕೋಠಿಯವರು, ಅಂದರೆ ರೈತರಿಗೆ ಮೊಟ್ಟೆ ಸಿದ್ಧಮಾಡಿ ಕೊಡುವವರು, 46 ಡಿಗ್ರಿಯ ಆಮ್ಲದಲ್ಲಿ ಐದು ನಿಮಿಷದಷ್ಟು ಅದ್ದಿಡುತ್ತಾರೆ. ತೊಳೆಯುತ್ತಾರೆ. ಒಣಗಿಸುತ್ತಾರೆ. ಸುಟ್ಟೇ ಹೋಗಬೇಕಿತ್ತಲ್ಲ? ಹತ್ತು ಹನ್ನೊಂದು ದಿನಕ್ಕೆ ಮರಿ ಹೊರಗೆ!

ತಾಳಿ, ಇನ್ನೂ ದೊಡ್ಡದು ಬಾಕಿಯಿದೆ. ನಿದ್ದೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು?

ಪ್ರಯೋಗಾಲಯದಲ್ಲಿ ಒಂದೇ ತಳಿಯ ಮೊಟ್ಟೆಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ 25 ಡಿಗ್ರಿ ಶಾಖ, ಬೆಳಕು. ಇನ್ನೊಂದಕ್ಕೆ 15 ಡಿಗ್ರಿ, ಕತ್ತಲೆ. ಎರಡೂ ಮರಿಯಾದವು. ಅದೇ ಸೊಪ್ಪು ತಿಂದವು, ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿದವು, ಗೂಡು ಕಟ್ಟಿದವು, ಚಿಟ್ಟೆಯಾದವು, ಮೊಟ್ಟೆಯಿಟ್ಟವು. ಈಗ ನೋಡಿ! 25 ಡಿಗ್ರಿಯ ತಾಯಂದಿರ ಮೊಟ್ಟೆ ಮಲಗಿತು. 15 ಡಿಗ್ರಿಯವರದು ಮಲಗಲೇ ಇಲ್ಲ! ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಉಂಡ ಶಾಖ ಮಕ್ಕಳ ನಿದ್ದೆಯನ್ನು ನಿರ್ಧರಿಸಿತು!

ಭ್ರೂಣಕ್ಕೆ ಶಾಖ ತಿಳಿಯುವುದಾದರೂ ಹೇಗೆ? ಜಪಾನಿನ ವಿಜ್ಞಾನಿಗಳು 2014ರಲ್ಲಿ ಉತ್ತರ ಕೊಟ್ಟರು. ಟಿಆರ್‌ಪಿಎ1 ಎಂಬ ಪ್ರೋಟೀನು! ಸುಮಾರು 21 ಡಿಗ್ರಿ ದಾಟಿದೊಡನೆ ಅದು ಚುರುಕಾಗುತ್ತದೆ. ಅದರ ಬಂಧು ನಮ್ಮ ಮೈಯಲ್ಲೂ ಇದೆ. ಕೆಲಸವೇನು ಗೊತ್ತೆ? ಸಾಸಿವೆಯ ಘಾಟು ನೆತ್ತಿಗೇರುತ್ತದಲ್ಲ, ಅದನ್ನು ನಮಗೆ ತಿಳಿಸುವುದು ಅದೇ!

ಇನ್ನು ಮಾಗಡಿಗೆ ಬನ್ನಿ. ಅದು ಮೈಸೂರು ತಳಿಯ ಬಿತ್ತನೆ ಸೀಮೆ. ಈ ತಳಿಯ ಮೊಟ್ಟೆಗೆ ನಿದ್ದೆಯೇ ಇಲ್ಲ! ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆ ಬೆಳೆಸಿದ ಸಿಎಸ್‌ಆರ್‌2 ದ್ವಿತಳಿಯದು, ಅಂದರೆ ನಿದ್ದೆಯ ವಂಶದ್ದು. ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್‌2 ಗಂಡು ಕೂಡಿಸಿದರೆ ಮಿಶ್ರತಳಿಯ ಮೊಟ್ಟೆ ಮಲಗುತ್ತದೋ ಇಲ್ಲವೋ? ಪಣ ಕಟ್ಟಿ!

ಮಲಗುವುದಿಲ್ಲ! ಅಪ್ಪನ ಮಾತು ಇಲ್ಲಿ ನಡೆಯುವುದೇ ಇಲ್ಲ. ನಿದ್ದೆಯ ಹಾರ್ಮೋನು ಸುರಿಯಬೇಕಾದದ್ದು ತಾಯಿಯ ಮೈಯಲ್ಲಿ, ಅವಳಿನ್ನೂ ಗೂಡಿನೊಳಗೆ ಕೋಶಾವಸ್ಥೆಯಲ್ಲಿರುವಾಗ!

ಈ ಸಲ ರಾಮನಗರಕ್ಕೆ ಹೋದರೆ ಗೂಡಿನ ಬಣ್ಣ ನೋಡಿ. ಹಳದಿ ಛಾಯೆಯದು ನಿದ್ದೆಯರಿಯದ ಮೈಸೂರು ತಾಯಿಯ ಮಿಶ್ರತಳಿ. ಅಚ್ಚ ಬಿಳಿಯದು ದ್ವಿತಳಿ. ಅದನ್ನು ಕಟ್ಟಿದ ಹುಳು ಆಮ್ಲದಲ್ಲಿ ಮಿಂದ ಮೊಟ್ಟೆಯಿಂದಲೇ ಬಂದಿರಬಹುದು!