ನಿಂತ ಕಾರಿಗೆ ಬಂದ ರೋಗ

ನಾವು ವಾಸಿಸುವ ಚಾಟ್ಸ್‌ವರ್ತ್, ಲಾಸ್ ಏಂಜಲೀಸ್ ನಗರದ ವಾಯವ್ಯ ಮೂಲೆಯಲ್ಲಿದೆ. ಮೆಟ್ರೊಲಿಂಕ್ ರೈಲು ನಿಲ್ದಾಣವಿದ್ದರೂ ಆಸ್ಪತ್ರೆ, ಅಂಗಡಿ, ಶಾಲೆಗಳಿಗೆ ಕಾರೇ ಗತಿ. 2018ರ ನವೆಂಬರ್ 8ರಂದು ಸಮೀಪದ ಸಿಮಿ ಬೆಟ್ಟಗಳಲ್ಲಿ ಹೊತ್ತಿಕೊಂಡ ವೂಲ್ಸಿ ಕಾಡ್ಗಿಚ್ಚು ಮರುದಿನವೇ ಮಾಲಿಬು ಕಡಲತೀರವನ್ನು ಮುಟ್ಟಿತ್ತು. ಇಂತಹ ಸ್ಥಳದಲ್ಲಿ ಕಾರು ಸ್ಟಾರ್ಟ್ ಆಗದಿರುವುದು ಬರಿಯ ಕಿರಿಕಿರಿಯಲ್ಲ.

ಕಳೆದ ಚಳಿಗಾಲದಲ್ಲಿ ನಾಲ್ಕು ವಾರ ಊರಿನಲ್ಲಿದ್ದು ಮರಳಿದಾಗ ಮನೆಯ ಎರಡನೆಯ ಕಾರಿನ ಒಳದೀಪವೂ ಹತ್ತಲಿಲ್ಲ. ಬ್ಯಾಟರಿ ಹಳತಾಯಿತೆಂದು ನಾನೇ ತೀರ್ಮಾನಿಸಿ ಹೊಸದನ್ನು ಹಾಕಿಸಿದೆ. ಮುಂದೆ ಹತ್ತು ದಿನ ಅದನ್ನು ಹೊರತೆಗೆಯಲಿಲ್ಲ. ಹನ್ನೊಂದನೆಯ ದಿನ ಎಂಜಿನ್ ನರಳಿ ಸುಮ್ಮನಾಯಿತು. ನಮ್ಮೊಡನೆ ಬಂದಿದ್ದ ಅಮ್ಮ ಕೇಳಿದರು: “ಪರೀಕ್ಷೆ ಮಾಡದೆಯೇ ಔಷಧಿ ಕೊಟ್ಟೆಯೇನಪ್ಪಾ?” ಉತ್ತರಿಸಲಾಗಲಿಲ್ಲ. ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕದೆ ರೋಗಿಗೆ ರಕ್ತ ಏರಿಸಿದಂತಿತ್ತು ನನ್ನ ಚಿಕಿತ್ಸೆ.

ಮೊದಲು ಲಕ್ಷಣವನ್ನು ಗಮನಿಸಬೇಕು. ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಅಥವಾ ‘ಟಿಕ್ ಟಿಕ್’ ಎಂದಷ್ಟೇ ಸದ್ದು ಬಂದರೆ ವಿದ್ಯುತ್ತಿನ ಕೊರತೆಯನ್ನು ಶಂಕಿಸಬೇಕು; ಬ್ಯಾಟರಿ, ಅದರ ತುದಿಗಳ ಕಿಲುಬು, ಸಡಿಲವಾದ ತಂತಿ ಇವನ್ನು ನೋಡಬೇಕು. ಚುರುಕಾಗಿ ತಿರುಗಿಯೂ ಎಂಜಿನ್ ಹೊತ್ತಿಕೊಳ್ಳದಿದ್ದರೆ, ನಿಂತ ಅವಧಿಯಲ್ಲಿ ಪೆಟ್ರೋಲ್ ಕೊಳವೆಯ ಒತ್ತಡ ಇಳಿದಿರಬಹುದು. ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿ, ಎರಡು ಮೂರು ಸೆಕೆಂಡು ತಡೆದು ಆರಿಸಿ, ಹೀಗೆ ಎರಡು ಬಾರಿ ಮಾಡಿದ ಬಳಿಕ ಸುಲಭವಾಗಿ ಸ್ಟಾರ್ಟ್ ಆದರೆ ಆ ಸಂಶಯ ಬಲವಾಗುತ್ತದೆ.

ನಮ್ಮದು ಮೊದಲ ಬಗೆಯದು. ಆದ್ದರಿಂದ ಮಲ್ಟಿಮೀಟರ್ ಹಿಡಿದೆ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ನಮ್ಮದು 11.8ಕ್ಕೆ ಇಳಿದಿತ್ತು. ನೆರೆಯವರ ಕಾರಿನಿಂದ ತಂತಿ ಜೋಡಿಸಿ ಸ್ಟಾರ್ಟ್ ಮಾಡಿ, ಆ ತಂತಿಯನ್ನು ಕಳಚಿದ ಮೇಲೆ ನೋಡಿದರೆ 14.2 ಇತ್ತು. ಅಂದರೆ ವಿದ್ಯುತ್ ತುಂಬುವ ಆಲ್ಟರ್ನೇಟರ್ ಸರಿಯಾಗಿಯೇ ಇದೆ. ನಿಂತಾಗ ಎಲ್ಲೋ ಸೋರುತ್ತಿದೆ.

ಮೆಕ್ಯಾನಿಕ್ ಎಲ್ಲವನ್ನೂ ಆರಿಸಿ, ಕಾರಿನೊಳಗಿನ ಕಂಪ್ಯೂಟರುಗಳು ನಿದ್ರಿಸಲೆಂದು ಅರ್ಧ ಗಂಟೆ ಕಾದು, ಬ್ಯಾಟರಿಯ ಮೈನಸ್ ತಂತಿಯ ನಡುವೆ ಮೀಟರ್ ಸೇರಿಸಿದರು. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕಾದದ್ದು 200 ಇತ್ತು. ದಿನಕ್ಕೆ 4.8 ಆಂಪಿಯರ್-ಗಂಟೆಯಂತೆ ಹತ್ತು ದಿನಕ್ಕೆ 48. ನಮ್ಮ ಬ್ಯಾಟರಿಯ ಸಾಮರ್ಥ್ಯ 60! ಫ್ಯೂಸುಗಳನ್ನು ಒಂದೊಂದಾಗಿ ಕಿತ್ತಾಗ, ಕಳ್ಳರ ಭಯಕ್ಕೆ ನಾನೇ ಹಾಕಿಸಿದ್ದ ಕ್ಯಾಮೆರಾದ ಫ್ಯೂಸಿನ ಬಳಿ ಅಂಕಿ 30ಕ್ಕೆ ಕುಸಿಯಿತು. ನಿಂತ ಕಾರಿನಲ್ಲಿಯೂ ಅದು ಹಗಲಿರುಳು ಎಚ್ಚರವಾಗಿತ್ತು.

ಸೋರಿಕೆಯಿಲ್ಲದ ಕಾರಿನಲ್ಲೂ 50 ಮಿಲಿಆಂಪಿಯರ್ ಲೆಕ್ಕದಲ್ಲಿ ನಾಲ್ಕು ವಾರಕ್ಕೆ ಸುಮಾರು 34 ಆಂಪಿಯರ್-ಗಂಟೆ ಖರ್ಚಾಗುತ್ತದೆ. 40 ಡಿಗ್ರಿ ಮೀರುವ ಇಲ್ಲಿನ ಬೇಸಿಗೆಯಲ್ಲಿ ಸೊರಗಿದ ಬ್ಯಾಟರಿಗೆ ಅಷ್ಟೂ ಹೆಚ್ಚೇ. ಊರಿಗೆ ಹೊರಡುವವರು ಮೈನಸ್ ತಂತಿಯನ್ನು ಕಳಚಿಡಬೇಕು, ಇಲ್ಲವೇ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಗೆಳೆಯರಿಗೆ ಹೇಳಬೇಕು.

ಹೊಸದಾಗಿ ಬರುವವರಿಗೆ ಇನ್ನೊಂದು ಮಾತು: ಬಿಡಿಭಾಗ ಬದಲಿಸಲು ಹಣ ಕೊಡುವ ಮುನ್ನ “ಅಳೆದಿರಾ? ಎಷ್ಟು ಬಂತು?” ಎಂದು ಕೇಳಿ. ನಾನು ಆ ಪ್ರಶ್ನೆಯನ್ನು ನನಗೇ ಕೇಳಿಕೊಂಡಿದ್ದರೆ ಒಂದು ಬ್ಯಾಟರಿಯ ಬೆಲೆ ಉಳಿಯುತ್ತಿತ್ತು.