ವ್ಯಾನಿನಿಂದ ಇಳಿದ ಚಾಲಕ

1994ರ ಮಾರ್ಚ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರದಲ್ಲಿ ಬ್ಯಾಂಕಿನ ಎದುರು ಹಣ ಸಾಗಿಸುವ ವ್ಯಾನ್ ನಿಂತಿತ್ತು. ಜತೆಗಾರ ಒಳಗೆ ಹೋಗಿದ್ದ, ಚಾಲಕ ತನ್ನ ಸೀಟಿನಲ್ಲೇ ಕುಳಿತಿದ್ದ. ಅಷ್ಟರಲ್ಲಿ ಬ್ಯಾಂಕಿನ ಮಹಿಳಾ ಮ್ಯಾನೇಜರ್ ಕಿರುಚುತ್ತಾ ಹೊರಗೆ ಓಡಿಬಂದರು. ಬೆನ್ನ ಹಿಂದೆಯೇ ಚಾಕು ಹಿಡಿದವನೊಬ್ಬ. ಏನೇ ಆದರೂ ವ್ಯಾನ್ ಬಿಟ್ಟು ಇಳಿಯಕೂಡದು, ಇಳಿದರೆ ಕೆಲಸ ಹೋಗುತ್ತದೆ ಎಂಬುದು ಲೂಮಿಸ್ ಕಂಪನಿಯ ನಿಯಮ. ಚಾಲಕ ಇಳಿದ, ಬಾಗಿಲಿಗೆ ಬೀಗ ಹಾಕಿದ, ಓಡಿದ. ಬ್ಯಾಂಕಿನ ಗ್ರಾಹಕರೊಬ್ಬರ ಜತೆ ಸೇರಿ ಚಾಕು ಹಿಡಿದವನನ್ನು ನೆಲಕ್ಕೆ ಕೆಡವಿದ. ಮ್ಯಾನೇಜರ್ ಬದುಕುಳಿದರು. ಚಾಲಕನ ಕೆಲಸ ಹೋಯಿತು.

ಕಂಪನಿಯನ್ನು ಬೈಯುವುದು ಸುಲಭ. ಆದರೆ ಆ ಕಿರುಚಾಟವೇ ದರೋಡೆಕೋರರ ನಾಟಕವಾಗಿದ್ದರೆ? ನಮ್ಮಲ್ಲೂ ಕೇಂದ್ರ ಸರ್ಕಾರದ 2018ರ ನಿಯಮಗಳ ಪ್ರಕಾರ, ಹಣದ ವ್ಯಾನಿನಲ್ಲಿ ಚಾಲಕನಲ್ಲದೆ ಇಬ್ಬರು ಬಂದೂಕುಧಾರಿ ಗಾರ್ಡ್‌ಗಳಿರಬೇಕು. ಊಟ, ಚಹಾ ಏನೇ ಇರಲಿ, ಒಬ್ಬರಂತೂ ವ್ಯಾನ್ ಬಿಟ್ಟು ಕದಲುವಂತಿಲ್ಲ. 2025ರ ಜನವರಿಯಲ್ಲಿ ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಹೊರಟವರ ಮೇಲೆ ಹಾಡಹಗಲೇ ಗುಂಡು ಹಾರಿ ಒಬ್ಬರು ಸತ್ತದ್ದನ್ನು ನೆನೆದರೆ, ಇಂಥ ಬಿಗಿ ಅತಿಯೆನಿಸುವುದಿಲ್ಲ.

ಸ್ಪೋಕೇನ್‌ನ ಚಾಲಕ ಕೋರ್ಟಿಗೆ ಹೋದ. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಲೂಮಿಸ್‌ನ ನಿಯಮವನ್ನು ತಪ್ಪೆನ್ನಲಿಲ್ಲ. ಕಣ್ಣೆದುರೇ ಒಂದು ಜೀವ ಹೋಗುವಂತಿದ್ದಾಗ ಅದನ್ನು ಉಳಿಸಲು ನಿಯಮ ಮುರಿದವನನ್ನು ಮಾತ್ರ ವಜಾ ಮಾಡುವಂತಿಲ್ಲ ಎಂದಿತು. ಯೂಟಾದ್ದು ಇನ್ನೊಂದು ಪ್ರಕರಣ. ಅಲ್ಲಿನ ವಾಲ್‌ಮಾರ್ಟ್ ಮಳಿಗೆಯಲ್ಲಿ 2011ರಲ್ಲಿ ಲ್ಯಾಪ್‌ಟಾಪ್ ಕದ್ದು ಸಿಕ್ಕಿಬಿದ್ದವನು ಪುಟ್ಟ ಕೋಣೆಯೊಳಗೆ ಪಿಸ್ತೂಲು ತೆಗೆದ. ಅದನ್ನು ಕಿತ್ತುಕೊಂಡ ಸಿಬ್ಬಂದಿಯನ್ನು ಕಂಪನಿ ಮನೆಗೆ ಕಳಿಸಿತು. ಹಿಂದೆ ಸರಿಯಲು ದಾರಿಯೇ ಇಲ್ಲದಿದ್ದರೆ ಆತ್ಮರಕ್ಷಣೆ ಕಂಪನಿಯ ನಿಯಮಕ್ಕಿಂತ ದೊಡ್ಡದು ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು.

ಈ ಎರಡೂ ತೀರ್ಪುಗಳ ಕಿರಿದಾದ ಬಾಗಿಲು ನನಗೆ ಒಪ್ಪಿಗೆ. ಜೀವ ಬೇರೆ, ಸಾಮಾನು ಬೇರೆ. 2022ರಲ್ಲಿ ಉತ್ತರ ಕೆರೊಲಿನಾದ ಹೋಮ್ ಡಿಪೋ ಮಳಿಗೆಯಲ್ಲಿ ಕಳ್ಳನನ್ನು ತಡೆಯಹೋದ 83 ವರ್ಷದ ನೌಕರನನ್ನು ಆ ಕಳ್ಳ ನೂಕಿದ. ಬಿದ್ದ ವೃದ್ಧರು ಚೇತರಿಸಿಕೊಳ್ಳಲೇ ಇಲ್ಲ. ಅಂಗಡಿಯ ಯಾವ ಸಾಮಾನೂ ಅಷ್ಟು ಬೆಲೆ ಬಾಳುವುದಿಲ್ಲ. ಹಾಗೆಂದು 2023ರಲ್ಲಿ ಜಾರ್ಜಿಯಾದ ಲುಲುಲೆಮನ್ ಬಟ್ಟೆ ಅಂಗಡಿಯಲ್ಲಿ, ದೋಚಿಕೊಂಡು ಓಡಿದವರ ಹಿಂದೆ ಬಾಗಿಲವರೆಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದ ಇಬ್ಬರನ್ನು ಕೆಲಸದಿಂದ ತೆಗೆದದ್ದು ಯಾವ ನ್ಯಾಯ? ಒಂದು ಎಚ್ಚರಿಕೆ ಪತ್ರ ಕೊಟ್ಟಿದ್ದರೆ ಸಾಕಿತ್ತು. ಸಿಬ್ಬಂದಿಯ ಸುರಕ್ಷತೆಗಾಗಿಯೇ ಇದು ಎನ್ನುವ ಕಂಪನಿಗಳಿಗೆ ಮುಂದೆ ಬೀಳಬಹುದಾದ ಪರಿಹಾರದ ದಾವೆಗಳ ಚಿಂತೆಯೂ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಇನ್ನು ಕಳವು ಕಣ್ಣಿಗೆ ಬೀಳದೆ, ಬರೀ ಅನುಮಾನದ ಮೇಲೆ ತಡೆಯುವ ಮಾತು. ನಮ್ಮ ಮಾಲ್‌ಗಳ ಬಾಗಿಲಲ್ಲಿ ಗಾರ್ಡ್‌ಗಳು ಯಾರ ಚೀಲ ಬಿಚ್ಚಿಸುತ್ತಾರೆ, ಯಾರನ್ನು ನಗುತ್ತಾ ಕಳಿಸುತ್ತಾರೆ ಎಂಬುದನ್ನು ಹತ್ತು ನಿಮಿಷ ನಿಂತು ನೋಡಿದರೆ ಗೊತ್ತಾಗುತ್ತದೆ. ಮಾಸಿದ ಅಂಗಿಯ ಮೇಲೆ ಅನುಮಾನ ಬೇಗ ಬೀಳುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಜನಸಾಮಾನ್ಯರಿಗೂ ಬಂಧಿಸುವ ಅಧಿಕಾರ ಕೊಟ್ಟಿದೆ, ಆದರೆ ಅಳತೆ ಮಾಡಿ. ಘೋಷಿತ ಅಪರಾಧಿಯಲ್ಲದಿದ್ದರೆ, ಅಪರಾಧ ತನ್ನ ಎದುರೇ ನಡೆದಿರಬೇಕು. ಅದು ಸಂಜ್ಞೇಯವೂ (ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದದ್ದು) ಜಾಮೀನುರಹಿತವೂ ಆಗಿರಬೇಕು. ಹಿಡಿದವನನ್ನು ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಸಾಧಾರಣ ಕಳವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದು ಸಂಜ್ಞೇಯವೇ ಅಲ್ಲ. ಬಾಗಿಲಲ್ಲಿ ನಿಂತ ಗಾರ್ಡ್ ಆ ಕ್ಷಣದಲ್ಲಿ ಕಲಂ ಹುಡುಕುತ್ತಾ ಕೂರಲಾರ.

ಅವನ ಸಂಬಳ ಬರುವುದೂ ಮಾಲಿನಿಂದಲ್ಲ, ಏಜೆನ್ಸಿಯಿಂದ. ಜೀವ ಉಳಿಸಲು ಜಾಗ ಬಿಟ್ಟು ಓಡಿದವನನ್ನು ತೆಗೆಯುವಂತಿಲ್ಲ ಎಂಬ ಒಂದು ಸಾಲು ಆ ಗುತ್ತಿಗೆಯ ಕರಾರಿನಲ್ಲಿ ಇರಬೇಕು. ಇಲ್ಲವಾದರೆ ಅವನಿಗೆ ವಜಾ ಆದೇಶವೂ ಸಿಗುವುದಿಲ್ಲ, ಕೋರ್ಟಿಗೆ ಹೋಗಲು ಕಾಗದವೂ ಇರುವುದಿಲ್ಲ; ಸೂಪರ್‌ವೈಸರ್ ಫೋನ್ ಮಾಡಿ ‘ನಾಳೆಯಿಂದ ಬರಬೇಡ’ ಅಂದರೆ ಮುಗಿಯಿತು.